ಒಬ್ಬಳೇ ಇರುವ ಸ್ವಂತ ಮನೆ, ಮೂರು ಸಾಲ: ಮಹಡಿಯನ್ನು ಭೋಗ್ಯಕ್ಕೆ ಕೊಟ್ಟು ತೀರಿಸಬಹುದೇ?

ಬೋಗಾದಿಮನೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಚರ್ಚೆಗಳನ್ನು ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನನಗೆ ಈಗ 44 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಲ್ಲ ಕಡಿತಗಳೂ ಮುಗಿದು ಕೈಗೆ ಬರುವುದು ತಿಂಗಳಿಗೆ 68,000 ರೂಪಾಯಿ. ಬೋಗಾದಿಯ ಕಡೆ ಮೂವತ್ತು-ನಲವತ್ತರ ಸೈಟಿನಲ್ಲಿ 2017ರಲ್ಲಿ ಮನೆ ಕಟ್ಟಿಸಿದೆ. ಕೆಳಗೆ ನಾನು ಮತ್ತು ಅಮ್ಮ ಇದ್ದೆವು. ಮೇಲೆ ಒಂದು ಕೋಣೆ, ಹಾಲ್, ಅಡುಗೆಮನೆಯ ಸಣ್ಣ ಮನೆ ಬಾಡಿಗೆಗೆ ಇತ್ತು. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಈಗ ಎರಡು ಮಹಡಿಗೂ ನಾನೊಬ್ಬಳೇ.

ಸಾಲದ ವಿವರ ಹೀಗಿದೆ. ಮನೆಸಾಲ 24 ಲಕ್ಷ ತೆಗೆದುಕೊಂಡಿದ್ದು 20 ವರ್ಷಕ್ಕೆ; ಕಂತು 20,980 ರೂಪಾಯಿ; ಬಾಕಿ 19.2 ಲಕ್ಷ. ಎಂಟು ವರ್ಷ ಕಟ್ಟಿದ ಮೇಲೆ 12 ವರ್ಷ ಉಳಿಯಬೇಕಿತ್ತು, ಆದರೆ ಬ್ಯಾಂಕಿನ ಪಟ್ಟಿಯಲ್ಲಿ ಇನ್ನೂ 162 ಕಂತು ಎಂದಿದೆ. ಅಮ್ಮನ ಆಸ್ಪತ್ರೆಯ ಖರ್ಚಿಗಾಗಿ ತೆಗೆದ ವೈಯಕ್ತಿಕ ಸಾಲ 5 ಲಕ್ಷ, ಬಡ್ಡಿ ಶೇ. 15, ಕಂತು 11,895. ಇನ್ನು 36 ಕಂತು ಉಳಿದಿದ್ದು ಅಸಲು ಬಾಕಿ 3.43 ಲಕ್ಷ. ಮೂರನೆಯದು ಕ್ರೆಡಿಟ್ ಕಾರ್ಡ್, ಅದರಲ್ಲಿ 1.4 ಲಕ್ಷ ನಿಂತಿದೆ. ಹೋದ ವರ್ಷ ತಾರಸಿ ಸೋರಿ ಮೇಲಿನ ಮನೆಯ ಗೋಡೆಗಳೆಲ್ಲ ಹಸಿಯಾಗಿ, ಬಾಡಿಗೆಗಿದ್ದವರು ಖಾಲಿ ಮಾಡಿಕೊಂಡು ಹೋದರು. ಅವರ ಅಡ್ವಾನ್ಸ್ ಹಿಂದಿರುಗಿಸಿದ್ದು, ವಾಟರ್‌ಪ್ರೂಫಿಂಗ್ ಮಾಡಿಸಿದ್ದು, ಬಣ್ಣ ಬಳಿಸಿದ್ದು ಎಲ್ಲವೂ ಆ ಕಾರ್ಡಿನ ಮೇಲೆಯೇ ಬಿತ್ತು. ಈಗ ತಿಂಗಳಿಗೆ 7,000 ಕಟ್ಟುತ್ತಿದ್ದೇನೆ. ಕಾರ್ಡನ್ನು ಬಳಸುವುದನ್ನು ನಿಲ್ಲಿಸಿ ಐದು ತಿಂಗಳಾದರೂ ಬಾಕಿ ಇಳಿದಂತೆಯೇ ಕಾಣುವುದಿಲ್ಲ.

ಕಂತುಗಳಿಗೆ 39,875 ಹೋದ ಮೇಲೆ 28,125 ಉಳಿಯುತ್ತದೆ. ಒಬ್ಬಳ ಊಟ, ಸ್ಕೂಟರಿನ ಪೆಟ್ರೋಲು, ಔಷಧಿ ಎಂದು ಲೆಕ್ಕ ಹಾಕಿದರೆ ಇಪ್ಪತ್ತು ಸಾವಿರ ದಾಟುವುದಿಲ್ಲ. ಉಳಿದ ಎಂಟು ಸಾವಿರ ಎಲ್ಲಿಗೆ ಹೋಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಕಳೆದ ತಿಂಗಳು ಅಮ್ಮ ಬಿಟ್ಟುಹೋದ ಮುಯ್ಯಿ ಪುಸ್ತಕವನ್ನು ತೆರೆದು ನೋಡಿದಾಗ ಅದರಲ್ಲಿ ಒಂದಷ್ಟು ಉತ್ತರ ಸಿಕ್ಕಿತು. ಆ ಪುಸ್ತಕದಲ್ಲಿರುವ ಮನೆಗಳ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ನಾನು ಈಗಲೂ ಅಮ್ಮನ ಹೆಸರಿನ ಲೆಕ್ಕವನ್ನು ತೀರಿಸುತ್ತಿದ್ದೇನೆ.

ಕೈಯಲ್ಲಿರುವುದು: ಉಳಿತಾಯ ಖಾತೆಯಲ್ಲಿ 18,000, ಆರ್‌ಡಿಯಲ್ಲಿ 62,000, ಅಮ್ಮನ ಎರಡೆಳೆ ಅವಲಕ್ಕಿ ಸರ ಮತ್ತು ನಾಲ್ಕು ಬಳೆ. ಬಳೆಗಳ ತೂಕ 32 ಗ್ರಾಂ.

ಸಂಬಂಧಿಕರೊಬ್ಬರು ಮೇಲಿನ ಮನೆಯನ್ನು ಮೂರು ವರ್ಷಕ್ಕೆ 5 ಲಕ್ಷಕ್ಕೆ ಭೋಗ್ಯಕ್ಕೆ ಕೊಡಿಸುತ್ತೇನೆ, ವೈಯಕ್ತಿಕ ಸಾಲ ಮತ್ತು ಕಾರ್ಡು ಎರಡನ್ನೂ ಒಂದೇ ದಿನ ಮುಗಿಸಿ ನೆಮ್ಮದಿಯಾಗಿರು ಎನ್ನುತ್ತಿದ್ದಾರೆ. ಬ್ಯಾಂಕಿನವರು ಮನೆಸಾಲದ ಮೇಲೆಯೇ ಟಾಪ್‌ಅಪ್, ಅಂದರೆ ಅದೇ ಮನೆಯ ಅಡವಿನ ಮೇಲೆ ಹೆಚ್ಚುವರಿ ಸಾಲ, ಕೊಡುತ್ತೇವೆ ಎನ್ನುತ್ತಾರೆ. ಬಾಡಿಗೆಗೆ ಕೊಟ್ಟರೆ 9,000 ಬರಬಹುದು. ಯಾವುದು ಸರಿ? ಮನೆಯಲ್ಲಿ ಕೇಳಲು ಯಾರೂ ಇಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ.

ಹಳೆಯ ಲೆಡ್ಜರ್

ಅಮ್ಮಾ, ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಭೋಗ್ಯವೂ ಅಲ್ಲ, ಟಾಪ್‌ಅಪ್ಪೂ ಅಲ್ಲ, ಆ 162 ಎಂಬ ಅಂಕಿ. ನೀವು ಕೊಟ್ಟಿರುವ ಬಾಕಿ ಮತ್ತು ಕಂತಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ನಿಮ್ಮ ಬಡ್ಡಿದರ ಶೇ. 9.4ರ ಆಸುಪಾಸಿನಲ್ಲಿದೆ. ಸಾಲ 2017ರದ್ದಾದ್ದರಿಂದ ಅದು ಎಂಸಿಎಲ್‌ಆರ್ ಪದ್ಧತಿಯಲ್ಲೇ, ಅಂದರೆ ಬ್ಯಾಂಕು ತನ್ನದೇ ವೆಚ್ಚದ ಆಧಾರದ ಮೇಲೆ ದರ ನಿಗದಿ ಮಾಡುವ ಹಳೆಯ ಪದ್ಧತಿಯಲ್ಲೇ, ಉಳಿದುಬಿಟ್ಟಿರಬೇಕು. 2019ರ ಅಕ್ಟೋಬರ್ 1ರಿಂದ ಈಚೆಗೆ ಬ್ಯಾಂಕುಗಳು ಕೊಡುವ ಬದಲಾಗುವ ದರದ ಹೊಸ ಮನೆಸಾಲಗಳು ರೆಪೊ ದರದಂತಹ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಅಳತೆಗೋಲಿಗೆ ಜೋಡಣೆಯಾಗಿರಲೇಬೇಕು, ಮತ್ತು ಮೂರು ತಿಂಗಳಿಗೊಮ್ಮೆಯಾದರೂ ಅವುಗಳ ದರವನ್ನು ಮರುಹೊಂದಿಸಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಹಳೆಯ ಸಾಲಗಾರರು ಕೇಳಿಕೊಂಡರೆ ಅವರನ್ನೂ ಈ ಪದ್ಧತಿಗೆ ಬದಲಾಯಿಸುತ್ತಾರೆ. ಕೇಳದಿದ್ದರೆ ಯಾರೂ ಕರೆದು ಹೇಳುವುದಿಲ್ಲ. ಈ ವರ್ಷ, 2025ರಲ್ಲಿ, ಫೆಬ್ರವರಿಯಿಂದ ಜೂನ್‌ವರೆಗೆ ರೆಪೊ 6.5ರಿಂದ 5.5ಕ್ಕೆ ಇಳಿದಿದೆ. ನಿಮ್ಮ ದರ ಶೇ. 8ಕ್ಕೆ ಬಂದಿತೆಂದಿಟ್ಟುಕೊಳ್ಳಿ. ಕಂತನ್ನು ಹಾಗೆಯೇ ಉಳಿಸಿಕೊಂಡರೆ 162 ಕಂತುಗಳು 142ಕ್ಕೆ ಇಳಿಯುತ್ತವೆ. ಇಪ್ಪತ್ತು ಕಂತು ಎಂದರೆ 4 ಲಕ್ಷಕ್ಕೂ ಹೆಚ್ಚು. ಅವಧಿಯನ್ನು ಹಾಗೆಯೇ ಬಿಟ್ಟು ಕಂತನ್ನು ಇಳಿಸಿಕೊಂಡರೆ ಅದು 19,418 ಆಗುತ್ತದೆ. ತಿಂಗಳಿಗೆ 1,562 ಉಳಿಯುತ್ತದೆ. ನಿಮ್ಮ ಈಗಿನ ಸ್ಥಿತಿಯಲ್ಲಿ ಎರಡನೆಯದನ್ನೇ ಆರಿಸಿಕೊಳ್ಳಿ, ಕಾರಣವನ್ನು ಮುಂದೆ ಹೇಳುತ್ತೇನೆ.

ಹನ್ನೆರಡು ವರ್ಷ ಇರಬೇಕಾದದ್ದು ಹದಿಮೂರೂವರೆ ಆದದ್ದು ಹೇಗೆಂದರೆ, 2022ರ ಮೇ ತಿಂಗಳಿಂದ ದರ ಏರಿದಾಗ ನಿಮ್ಮ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸಿದ್ದಾರೆ. ಕಂತು ಅಷ್ಟೇ ಇದ್ದುದರಿಂದ ನಿಮಗೆ ಅದು ಗೊತ್ತಾಗಲಿಲ್ಲ. ದರ ಏರಿದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ ಅಥವಾ ಎರಡನ್ನೂ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅಷ್ಟು ಹೊತ್ತಿಗೆ ನಿಮ್ಮ ಅವಧಿ ಹಿಗ್ಗಿಯಾಗಿತ್ತು.

ಈಗ ಕಾರ್ಡು. ತಿಂಗಳಿಗೆ ಶೇ. 3.5ರಂತೆ 1.4 ಲಕ್ಷಕ್ಕೆ ಬಡ್ಡಿ 4,900. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 882. ಒಟ್ಟು 5,782. ನೀವು ಕಟ್ಟುವ 7,000ದಲ್ಲಿ ಅಸಲಿಗೆ ಹೋಗುವುದು 1,218 ರೂಪಾಯಿ ಮಾತ್ರ. ಬಾಕಿ ಇಳಿದಂತೆ ಕಾಣುವುದಿಲ್ಲ ಎಂದಿರಿ. ಕಾಣುವಷ್ಟು ಅದು ಇಳಿದೇ ಇಲ್ಲ. ಹೀಗೆಯೇ 7,000 ಕಟ್ಟುತ್ತ ಹೋದರೆ 44 ತಿಂಗಳು ಬೇಕು, ಬಡ್ಡಿಯೇ 1,62,000 ಆಗುತ್ತದೆ. ಆದ್ದರಿಂದ ಮೊದಲು ಮುಗಿಯಬೇಕಾದದ್ದು ಕಾರ್ಡು. ಮನೆಸಾಲದ ಕಂತು ಇಳಿಸಿ ಉಳಿಸಿದ ಪ್ರತಿ ರೂಪಾಯಿಯೂ ಅಲ್ಲಿಗೆ ಹೋಗಲಿ ಎಂಬುದಕ್ಕೇ ನಾನು ಎರಡನೆಯ ದಾರಿ ಎಂದದ್ದು.

ಟಾಪ್‌ಅಪ್ ವಿಚಾರದಲ್ಲಿ ಒಂದು ಮಾತನ್ನು ಬ್ಯಾಂಕಿನವರು ಹೇಳಿರುವುದಿಲ್ಲ. ವೈಯಕ್ತಿಕ ಸಾಲ ಮತ್ತು ಕಾರ್ಡಿಗೆ ನೀವು ಯಾವ ಆಸ್ತಿಯನ್ನೂ ಅಡ ಇಟ್ಟಿಲ್ಲ. ಅವು ತಪ್ಪಿದರೆ ಸಾಲ ತೀರಿಸುವ ನಡತೆಗೆ ಕೊಡುವ ಸಿಬಿಲ್ ಅಂಕ ಕೆಡುತ್ತದೆ, ವಸೂಲಿಯವರ ಫೋನು ಬರುತ್ತದೆ, ಕೋರ್ಟಿಗೂ ಹೋಗಬಹುದು. ಟಾಪ್‌ಅಪ್ ಮಾಡಿದ ಕೂಡಲೇ ಆ ಸಾಲಗಳೂ ನಿಮ್ಮ ಮನೆಯ ಮೇಲೆ ಬಂದು ಕುಳಿತುಕೊಳ್ಳುತ್ತವೆ. ಕಂತು 90 ದಿನ ಮೀರಿ ಬಾಕಿಯಾದರೆ ಖಾತೆ ಅನುತ್ಪಾದಕ, ಅಂದರೆ ಮರುಪಾವತಿ ನಿಂತ ಸಾಲ, ಎನಿಸಿಕೊಳ್ಳುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಒಬ್ಬರ ಕೆಲಸ ಹೋದರೆ ಇನ್ನೊಬ್ಬರ ಸಂಬಳ ಆರು ತಿಂಗಳು ಕಂತು ಎಳೆಯುತ್ತದೆ. ನಿಮ್ಮ ಮನೆಯಲ್ಲಿ ಆ ಎರಡನೆಯ ಸಂಬಳವಿಲ್ಲ.

ತುಂಗಾತೀರ

ಎಲ್ಲರೂ ಶೇಕಡಾವಾರು ಲೆಕ್ಕದಲ್ಲೇ ಮುಳುಗಿದ್ದೀರಿ. ಒಬ್ಬರೇ ಇರುವವರಿಗೆ ಎರಡು ಮಹಡಿಯ ಮನೆ ಏತಕ್ಕೆ ಬೇಕು? ಮಾರಿ, ಎಲ್ಲ ಸಾಲವನ್ನೂ ತೀರಿಸಿ, ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು ಚಿಕ್ಕದೊಂದು ಬಾಡಿಗೆ ಮನೆಯಲ್ಲಿ ನಿಶ್ಚಿಂತೆಯಾಗಿ ಇರಬಹುದಲ್ಲವೇ? ತಪ್ಪು ತಿಳಿಯಬೇಡಿ.

ಬೋಗಾದಿಮನೆ

ತುಂಗಾತೀರ ಅವರೇ, ತಪ್ಪು ತಿಳಿದಿಲ್ಲ, ಈ ಮಾತನ್ನು ಮೊದಲ ಸಲ ಕೇಳುತ್ತಿಲ್ಲವಷ್ಟೆ. ಮನೆ ಕಟ್ಟುವ ಮೊದಲು ಒಬ್ಬಳೇ ಹೆಣ್ಣು ಎಂಬ ಕಾರಣಕ್ಕೆ ಬಾಡಿಗೆ ಮನೆ ಹುಡುಕುವುದು ಎಷ್ಟು ಕಷ್ಟ ಎಂಬುದನ್ನು ಮೂರು ಸಲ ಅನುಭವಿಸಿದ್ದೇನೆ; ಆ ಕಾರಣಕ್ಕೇ ಕಟ್ಟಿಸಿದ್ದು. ಅಲ್ಲದೆ 4.83 ಲಕ್ಷದ ಎರಡು ಸಾಲಕ್ಕಾಗಿ ಮನೆ ಮಾರುವುದು, ಇಲಿ ಹಿಡಿಯಲು ಮನೆಗೇ ಬೆಂಕಿ ಹಚ್ಚಿದಂತೆ ಆಗುತ್ತದೆ.

ಲೆಡ್ಜರ್ ಸರ್, ಸಾಲದ ಕಾಗದಗಳನ್ನು ಹುಡುಕಿ ನೋಡಿದೆ. ನೀವು ಊಹಿಸಿದಂತೆಯೇ ಎಂಸಿಎಲ್‌ಆರ್, ದರ 9.40.

ಗಾಂಧಿಬಜಾರಿನವ

ಭೋಗ್ಯದ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಆ ಹೊಂಡಕ್ಕೆ ಬಿದ್ದು ಎದ್ದು ಬಂದವನು ನಾನು.

ಬೇರೆ ರಾಜ್ಯದ ಸ್ನೇಹಿತರಿಗೆ ವಿವರಿಸಿದರೆ ಭೋಗ್ಯ ಎಂಬುದು ಅವರಿಗೆ ಅರ್ಥವೇ ಆಗುವುದಿಲ್ಲ: ದೊಡ್ಡ ಮೊತ್ತವೊಂದನ್ನು ಕೊಟ್ಟು, ಬಾಡಿಗೆಯೇ ಇಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ಪೂರ್ತಿ ಹಣವನ್ನು ಹಿಂದಕ್ಕೆ ತೆಗೆದುಕೊಂಡು ಹೋಗುವುದು. ಮಾಲೀಕನ ಕೈಗೆ ಒಂದೇ ದಿನ ಲಕ್ಷಗಟ್ಟಲೆ ಹಣ ಬರುವುದರಿಂದ ಅದು ಸಾಲ ಎಂಬುದೇ ಮರೆತುಹೋಗುತ್ತದೆ. ಬಡ್ಡಿ ಇಲ್ಲ ಎನ್ನುತ್ತಾರೆ. ಬಡ್ಡಿ ಇದೆ, ನೀವು ಬಿಟ್ಟುಕೊಡುವ ಬಾಡಿಗೆಯೇ ಆ ಬಡ್ಡಿ. ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ತಿಂಗಳಿಗೆ 9,000ದಂತೆ ವರ್ಷಕ್ಕೆ 1,08,000 ಬಾಡಿಗೆ ಬಿಡುತ್ತೀರಿ, ಪಡೆಯುವುದು 5 ಲಕ್ಷ. ಅಂದರೆ ವರ್ಷಕ್ಕೆ ಶೇ. 21.6ರ ಸಾಲ. ಶೇ. 15ರ ವೈಯಕ್ತಿಕ ಸಾಲವನ್ನು ತೀರಿಸಲು ಶೇ. 21.6ರ ಸಾಲ ಮಾಡುವುದನ್ನು ಯಾವ ಲೆಕ್ಕದಲ್ಲಿ ನೆಮ್ಮದಿ ಎನ್ನುತ್ತಾರೋ ನಿಮ್ಮ ಸಂಬಂಧಿಕರನ್ನೇ ಕೇಳಬೇಕು. ಮೂರು ವರ್ಷ ಕಳೆದ ಮೇಲೆ 5 ಲಕ್ಷ ಅಸಲು ಹಾಗೆಯೇ ನಿಂತಿರುತ್ತದೆ, ಒಂದು ರೂಪಾಯಿಯೂ ಇಳಿದಿರುವುದಿಲ್ಲ.

ನನಗೆ ಆದದ್ದೂ ಅದೇ. ತಂದೆಯವರ ಮನೆಯ ಮೇಲ್ಮಹಡಿಯನ್ನು ಆರು ಲಕ್ಷಕ್ಕೆ ಹಾಕಿದ್ದೆ. ಅವಧಿ ಮುಗಿದು ಅವರು ಹಣ ಕೇಳಿದಾಗ ಕೈಯಲ್ಲಿ ಒಂದು ಲಕ್ಷವೂ ಇರಲಿಲ್ಲ. ಹೊಸಬರನ್ನು ಹುಡುಕಿ, ಅವರಿಂದ ಪಡೆದು ಹಳಬರಿಗೆ ಕೊಡುವ ಟೋಪಿ ಬದಲಾಯಿಸುವ ಆಟವನ್ನು ಏಳು ವರ್ಷ ಆಡಿದೆ. ನಡುವೆ ಎರಡು ತಿಂಗಳು ಯಾರೂ ಸಿಗದಿದ್ದಾಗ, ಹೊರಡಬೇಕಾದವರು ದಿನವೂ ಸಂಜೆ ಕೆಳಗಿಳಿದು ಬಂದು ನಮ್ಮ ಹಾಲ್‌ನಲ್ಲಿ ಏನೂ ಮಾತನಾಡದೆ ಅರ್ಧ ಗಂಟೆ ಕುಳಿತು ಹೋಗುತ್ತಿದ್ದರು. ಅವರು ಕೂಗಾಡಿದ್ದರೂ ಅಷ್ಟು ಹಿಂಸೆಯಾಗುತ್ತಿರಲಿಲ್ಲ.

ಇನ್ನೆರಡು ಸಂಗತಿ. ಮನೆ ಬ್ಯಾಂಕಿಗೆ ಅಡವಾಗಿರುವಾಗ ಭೋಗ್ಯಕ್ಕೆ ಕೊಡಲು ಬ್ಯಾಂಕಿನ ಒಪ್ಪಿಗೆ ಬೇಕೆಂಬ ಷರತ್ತು ಸಾಲಪತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ನಿಮ್ಮದನ್ನು ಓದಿ ನೋಡಿ. ಒಂದು ವರ್ಷ ಮೀರಿದ ಗುತ್ತಿಗೆಯ ಕರಾರನ್ನು ನೋಂದಾಯಿಸಲೇಬೇಕು. ಸ್ಟಾಂಪ್ ಪೇಪರಿನಲ್ಲಿ ಬರೆದು ಮಡಚಿಟ್ಟರೆ ಸಾಲದು.

ಕೂಡಿಕಳೆ

ಭೋಗ್ಯದ ವಿಷಯದಲ್ಲಿ ಪೂರ್ಣ ಸಹಮತ. ಆದರೆ ಟಾಪ್‌ಅಪ್ಪನ್ನು ಲೆಡ್ಜರ್ ಅವರು ತಳ್ಳಿಹಾಕಿದ ರೀತಿ ನನಗೆ ಸರಿಕಾಣಲಿಲ್ಲ. ಅಂಕಿಗಳನ್ನು ನೋಡೋಣ. 4.83 ಲಕ್ಷವನ್ನು ಶೇ. 8.75ಕ್ಕೆ ಟಾಪ್‌ಅಪ್ ಆಗಿ ಪಡೆದು, ಈಗ ಎರಡು ಸಾಲಕ್ಕೂ ಕಟ್ಟುತ್ತಿರುವ 18,895 ರೂಪಾಯಿಯನ್ನೇ ಅದಕ್ಕೆ ಕಟ್ಟುತ್ತ ಹೋದರೆ 29 ಕಂತಿನಲ್ಲಿ ಎಲ್ಲವೂ ಮುಗಿದು, ಬಡ್ಡಿ ಸುಮಾರು 53,000 ಆಗುತ್ತದೆ. ಈಗಿನಂತೆಯೇ ಮುಂದುವರಿದರೆ ವೈಯಕ್ತಿಕ ಸಾಲದ ಬಾಕಿ ಬಡ್ಡಿ 85,000 ಮತ್ತು ಕಾರ್ಡಿನದು 1,62,000. ಎರಡು ಲಕ್ಷದಷ್ಟು ಅಂತರವಿರುವಾಗ, ಕೆಲಸ ಹೋದರೆ ಏನು ಗತಿ ಎಂಬ ಭಯದಿಂದ ಅದನ್ನು ಕೈಬಿಡುವುದು ವಿವೇಕವೇ? ಬದಲಾಗುವ ದರದ ಮನೆಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡವೂ ಇಲ್ಲ. ಬ್ಯಾಂಕುಗಳ ಮಟ್ಟಿಗೆ 2012ರಿಂದಲೇ ಅದು ನಿಷಿದ್ಧ.

ಇನ್ನೊಂದು ಮಾತು. ಆರ್‌ಡಿಯಲ್ಲಿ 62,000 ಇಟ್ಟುಕೊಂಡು ಕಾರ್ಡಿಗೆ ವರ್ಷಕ್ಕೆ ಶೇ. 49ಕ್ಕೂ ಮೀರಿದ ಬಡ್ಡಿ ಕಟ್ಟುವುದು ನನಗೆ ಅರ್ಥವಾಗುತ್ತಿಲ್ಲ. ಇಂದೇ ಅದನ್ನು ಮುರಿದು ಕಾರ್ಡಿಗೆ ಹಾಕಿದರೆ ತಿಂಗಳಿಗೆ 2,500 ರೂಪಾಯಿ ಬಡ್ಡಿ ನಿಲ್ಲುತ್ತದೆ.

ಹಳೆಯ ಲೆಡ್ಜರ್

ಕೂಡಿಕಳೆ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 18,895ನ್ನೇ ಕಟ್ಟುತ್ತ ಹೋದರೆ ಎಂಬ ಆ ಒಂದು ಷರತ್ತಿನ ಮೇಲೆ ಇಡೀ ಲೆಕ್ಕ ನಿಂತಿದೆ. ಬ್ಯಾಂಕಿನವರು ಟಾಪ್‌ಅಪ್ಪನ್ನು 29 ತಿಂಗಳಿಗೆ ಕೊಡುವುದಿಲ್ಲ, ಮನೆಸಾಲದ ಉಳಿದ ಅವಧಿಗೆ ಸರಿಹೊಂದಿಸಿ ಕೊಡಲು ನೋಡುತ್ತಾರೆ. 162 ತಿಂಗಳಿಗಾದರೆ ಕಂತು 5,091. ಕಾಗದದ ಮೇಲೆ ಎಷ್ಟು ಮುದ್ದಾಗಿ ಕಾಣುತ್ತದೆ ನೋಡಿ, 18,895 ಇದ್ದದ್ದು 5,091! ಆದರೆ ಬಡ್ಡಿ 3,41,000 ದಾಟುತ್ತದೆ. ಕಡ್ಡಾಯ ಕಂತು 5,091 ಮಾತ್ರ ಆಗಿರುವಾಗ ಪ್ರತಿ ತಿಂಗಳೂ ತಾನಾಗಿಯೇ ಇನ್ನೂ 13,804 ಕಟ್ಟಿದವರನ್ನು ನನ್ನ ಸೇವಾವಧಿಯಲ್ಲಿ ಬೆರಳಲ್ಲಿ ಎಣಿಸಬಹುದು. ಹೆಚ್ಚಿನವರು ಎರಡು ವರ್ಷದಲ್ಲಿ ಖಾಲಿಯಾದ ಕಾರ್ಡನ್ನು ಮತ್ತೆ ತುಂಬಿಸಿಕೊಂಡು ಅದೇ ಕೌಂಟರಿಗೆ ಬರುತ್ತಿದ್ದರು. ಟಾಪ್‌ಅಪ್ ಮಾಡಲೇಬೇಕೆಂದರೆ ಐದು ವರ್ಷದ ಅವಧಿಗೆ ಬರೆಸಿಕೊಳ್ಳಿ. ಆಗ ಕಂತು 9,968, ಬಡ್ಡಿ 1,15,000. ಅದು ಮಧ್ಯದ ದಾರಿ, ಕೆಟ್ಟದ್ದೇನಲ್ಲ.

ಇಷ್ಟಾಗಿಯೂ ನಾನು ನಿಮ್ಮ ಜಾಗದಲ್ಲಿದ್ದರೆ ಮನೆಯನ್ನು ಮುಟ್ಟುತ್ತಿರಲಿಲ್ಲ, ಬಳೆಯನ್ನು ಮುಟ್ಟುತ್ತಿದ್ದೆ. 1.4 ಲಕ್ಷಕ್ಕೆ ಶೇ. 9.5ರ ಚಿನ್ನದ ಸಾಲದಲ್ಲಿ ತಿಂಗಳ ಬಡ್ಡಿ 1,108. ಕಾರ್ಡಿನ 5,782ರ ಎದುರು ಅದನ್ನು ಇಟ್ಟು ನೋಡಿ. ತಪ್ಪಿದರೆ ಹೋಗುವುದು ನಾಲ್ಕು ಬಳೆ, ಮನೆಯಲ್ಲ.

ಧಾರವಾಡಮಳೆ

ಅಕ್ಕಾ, ನಾನೂ ಒಬ್ಬಳೇ ಇರುವವಳು, ಸಾಧನಕೇರಿಯ ಹತ್ತಿರ ಹಳೆಯ ಮನೆ. ಇಲ್ಲಿನ ಗಂಡಸರು ಬಡ್ಡಿಯನ್ನು ಬಹಳ ಚೆನ್ನಾಗಿ ಲೆಕ್ಕ ಹಾಕಿದ್ದಾರೆ. ಆದರೆ ಒಬ್ಬರೇ ಇರುವ ಮನೆಯ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ ಎಂಬುದನ್ನು ಯಾರೂ ಬರೆಯಲಿಲ್ಲ. ತಾರಸಿ ಒಬ್ಬರಿಗೂ ಅಷ್ಟೇ ಸೋರುತ್ತದೆ. ಕಂದಾಯ ಅಷ್ಟೇ. ಗ್ಯಾಸ್ ಸಿಲಿಂಡರ್ ಎರಡು ತಿಂಗಳು ಹೆಚ್ಚು ಬರುತ್ತದೆ, ಅಷ್ಟೇ ಲಾಭ. ಜ್ವರ ಬಂದು ಮೂರು ದಿನ ಮಲಗಿದರೆ ಹೊರಗಿನ ಊಟ, ಆಟೋ, ಎಲ್ಲಕ್ಕೂ ಹಣವೇ ಓಡಾಡಬೇಕು, ಮನೆಯ ಇನ್ನೊಬ್ಬರು ಓಡಾಡುವುದಿಲ್ಲ.

ಆದ್ದರಿಂದ ಆರ್‌ಡಿಯನ್ನು ಮುರಿಯಬೇಡಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕೂಡಿಕಳೆ ಅವರು ಹೇಳಿದ್ದು ಬಡ್ಡಿಯ ದೃಷ್ಟಿಯಿಂದ ಸರಿ. ಆದರೆ ಅದನ್ನು ಮುರಿದು ಕಾರ್ಡಿಗೆ ಹಾಕಿದ ಮರುತಿಂಗಳು ಏನಾದರೂ ಕೆಟ್ಟರೆ ನಿಮ್ಮ ಕೈ ಹೋಗುವುದು ಅದೇ ಕಾರ್ಡಿಗೆ. ಕಾರ್ಡಿನ ಸಾಲವನ್ನು ಬಳೆಯ ಮೇಲೆ ವರ್ಗಾಯಿಸಿಬಿಟ್ಟರೆ ಶೇ. 49ರ ಪ್ರಶ್ನೆಯೇ ಉಳಿಯುವುದಿಲ್ಲ. ಆಗ ಆರ್‌ಡಿಯನ್ನು ಹಾಗೆಯೇ ಇಟ್ಟುಕೊಳ್ಳುವುದಕ್ಕೆ ತಗಲುವ ವೆಚ್ಚ ತೀರ ಸಣ್ಣದು. ಅಮ್ಮನ ಬಳೆ ಎಂದು ಮನಸ್ಸು ಹಿಂಜರಿಯುತ್ತದೆ, ಗೊತ್ತು. ನಾನು ನಮ್ಮ ಅವ್ವನ ಬೋರಮಾಳವನ್ನು ಇಟ್ಟ ದಿನ ಬ್ಯಾಂಕಿನಿಂದ ಹೊರಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದೆ. ಹದಿನಾಲ್ಕು ತಿಂಗಳಿಗೆ ಬಿಡಿಸಿಕೊಂಡು ಬಂದೆ.

ನೀವು ಮುಯ್ಯಿ ಎನ್ನುವುದನ್ನು ನಮ್ಮ ಕಡೆ ಆಹೇರಿ ಎನ್ನುತ್ತೇವೆ. ಒಂಟಿಯಾಗಿರುವವರಿಗೆ ಅದು ಒಮ್ಮುಖದ ವ್ಯವಹಾರ ಎಂಬುದನ್ನು ನಾನು ತಡವಾಗಿ ಅರ್ಥಮಾಡಿಕೊಂಡೆ: ನಮ್ಮ ಮನೆಯಲ್ಲಿ ಮದುವೆಯಿಲ್ಲ, ನಾಮಕರಣವಿಲ್ಲ, ಹಿಂದಕ್ಕೆ ಬರುವ ದಾರಿಯೇ ಇಲ್ಲ. ಅದರ ಮೇಲೆ ಸ್ವಂತ ಮನೆ, ಸಂಬಳ, ಮಕ್ಕಳಿಲ್ಲ, ಇವಳಿಗೇನು ಕಡಿಮೆ ಎಂಬ ಮಾತು ಬೇರೆ. ಜಾಮೀನು ಹಾಕು ಎಂದು ಇಬ್ಬರು ಬಂದಿದ್ದರು. ನನಗೇ ಸಾಲವಿದೆ ಎಂದು ಬಾಯಿಬಿಟ್ಟು ಹೇಳಿದ ದಿನದಿಂದ ಯಾರೂ ಕೇಳಿಲ್ಲ. ನಾಚಿಕೆಯಾಗುತ್ತದೆ ಎಂದು ಮುಚ್ಚಿಟ್ಟಷ್ಟು ದಿನ ನಾನು ದಂಡ ತೆತ್ತೆ.

ಗಾಂಧಿಬಜಾರಿನವ

ಬಾಡಿಗೆಗೆ ಕೊಡುವಾಗ ಬರುವ ಅಡ್ವಾನ್ಸ್ ಹಣವೂ ಹಿಂದಿರುಗಿಸಬೇಕಾದ ಹಣವೇ ಎಂಬುದನ್ನು ಮರೆಯಬೇಡಿ. ಹಿಂದಿನವರಿಗೆ ಕೊಡಲು ನೀವು ಕಾರ್ಡು ಉಜ್ಜಿದ್ದು ಆ ಕಾರಣಕ್ಕೇ.

ಕೂಡಿಕಳೆ

ಆರ್‌ಡಿ ವಿಚಾರದಲ್ಲಿ ಧಾರವಾಡಮಳೆ ಅವರ ವಾದವನ್ನು ಒಪ್ಪುತ್ತೇನೆ. ಬಳೆ ಅಡವಿಟ್ಟರೆ ಮಾತ್ರ. ಮನೆಸಾಲವಿದ್ದರೆ ತೆರಿಗೆ ಉಳಿಯುತ್ತದೆ, ಅದನ್ನು ಬೇಗ ತೀರಿಸಬೇಡಿ ಎಂದು ಯಾರಾದರೂ ಹೇಳುವ ಮೊದಲೇ ಒಂದು ಮಾತು ಬರೆದುಬಿಡುತ್ತೇನೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯ ನಂತರ ತೆರಿಗೆ ಸೊನ್ನೆ. ಇವರ ಸಂಬಳ ಅದರೊಳಗೇ ಬರುವಂತೆ ಕಾಣುತ್ತದೆ, ಬಾಡಿಗೆ ಸೇರಿದರೂ. ಆದ್ದರಿಂದ ತೆರಿಗೆಗಾಗಿ ಸಾಲವನ್ನು ಸಾಕುವ ಪ್ರಶ್ನೆ ಇಲ್ಲಿ ಬರುವುದಿಲ್ಲ. ವೈಯಕ್ತಿಕ ಸಾಲವನ್ನು ಮೊದಲೇ ತೀರಿಸುವ ಯೋಚನೆಯಿದ್ದರೆ ಮಂಜೂರಾತಿ ಪತ್ರ ನೋಡಿಕೊಳ್ಳಿ, ಸ್ಥಿರ ದರದ ಸಾಲವಾದರೆ ಶುಲ್ಕ ಇರಬಹುದು.

ಬೋಗಾದಿಮನೆ (ಫೆಬ್ರವರಿ 2026)

ಆರು ತಿಂಗಳ ನಂತರ ಬರೆಯುತ್ತಿದ್ದೇನೆ. ಸಲಹೆ ಕೊಟ್ಟವರಿಗೆ ಏನಾಯಿತೆಂದು ತಿಳಿಸದೆ ಇರುವುದು ಸರಿಯಲ್ಲ.

ಆಗಸ್ಟ್‌ನಲ್ಲಿ ನಾಲ್ಕೂ ಬಳೆಗಳನ್ನು ಇಟ್ಟು 1.4 ಲಕ್ಷ ತಂದು ಅದೇ ದಿನ ಕಾರ್ಡಿಗೆ ಕಟ್ಟಿದೆ. ಆಗಾಗ ಕೈಲಾದಷ್ಟು ಅಸಲು ಕಟ್ಟಲು ಅವಕಾಶವಿರುವ ಸಾಲವನ್ನೇ ಕೇಳಿ ತೆಗೆದುಕೊಂಡೆ. ಅಕ್ಕಸಾಲಿಗರು ಬಳೆಯನ್ನು ಒರೆಗಲ್ಲಿಗೆ ತಿಕ್ಕಿ, ತಕ್ಕಡಿಯಲ್ಲಿಟ್ಟು, ಒಂದು ಬಳೆಯ ಒಳಗೆ ಸಿಕ್ಕಿಕೊಂಡಿದ್ದ ಅರಿಶಿನವನ್ನು ಬ್ರಷ್ಷಿನಿಂದ ತೆಗೆದರು. ಅಮ್ಮನ ಕೈಯದೇ ಇರಬೇಕು. ಅವಲಕ್ಕಿ ಸರವನ್ನು ಇಡಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಮನೆಸಾಲದ ದರ ಬದಲಾವಣೆಗೆ ಶಾಖೆಗೆ ಎರಡು ಸಲ ಹೋದಾಗ ಸಂಬಂಧಪಟ್ಟವರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದು ಹೇಳಿ ಕಳಿಸಿದರು. ಮೂರನೆಯ ಸಲ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೆ. ಹನ್ನೊಂದನೆಯ ದಿನ ಫೋನು ಬಂತು. ಸ್ವಲ್ಪ ಶುಲ್ಕ ಕಟ್ಟಿಸಿಕೊಂಡು ಅಕ್ಟೋಬರ್‌ನಿಂದ ಶೇ. 8ಕ್ಕೆ ಇಳಿಸಿದರು. ಡಿಸೆಂಬರ್‌ನಲ್ಲಿ ರೆಪೊ 5.25ಕ್ಕೆ ಇಳಿದದ್ದರ ಲಾಭ ಮುಂದಿನ ಮರುಹೊಂದಿಕೆಯಲ್ಲಿ ಬರಬೇಕು, ಕಾಯುತ್ತಿದ್ದೇನೆ.

ಮೇಲಿನ ಮನೆಗೆ ಸೆಪ್ಟೆಂಬರ್ ಕೊನೆಯಲ್ಲಿ ಶಾಲಾ ಶಿಕ್ಷಕಿಯೊಬ್ಬರು ತಾಯಿಯ ಜೊತೆ ಬಂದರು. ಬಾಡಿಗೆ 9,000, ಹನ್ನೊಂದು ತಿಂಗಳ ಕರಾರು. ಅವರು ಕೊಟ್ಟ 50,000 ಅಡ್ವಾನ್ಸನ್ನು ಪ್ರತ್ಯೇಕ ಎಫ್‌ಡಿ ಮಾಡಿ, ರಸೀದಿಯ ಮೇಲೆ ಅವರ ಹೆಸರನ್ನೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಭೋಗ್ಯ ಕೊಡಿಸುತ್ತೇನೆ ಎಂದಿದ್ದ ಸಂಬಂಧಿಕರಿಗೆ 21.6ರ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದೆ. ನೀನು ಬಹಳ ಲೆಕ್ಕಾಚಾರದವಳಾಗಿದ್ದೀಯೆ ಎಂದರು.

ಕಾರ್ಡಿಗೆ ಕಟ್ಟುತ್ತಿದ್ದ 7,000, ಬಾಡಿಗೆಯ 9,000, ಕಂತಿನಲ್ಲಿ ಉಳಿದ 1,500, ಒಟ್ಟು 17,500 ಚಿನ್ನದ ಸಾಲಕ್ಕೆ ಹೋಗುತ್ತಿದೆ. ಜನವರಿಯಲ್ಲಿ ಮಾತ್ರ 10,000 ಕಟ್ಟಿದೆ. ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಸಂಪಿನ ಮೋಟಾರು ಸುಟ್ಟುಹೋಯಿತು; ಮೇಲಿನವರಿಗೂ ನೀರಿಲ್ಲ, ನನಗೂ ಇಲ್ಲ. ಹೊಸದು ಹಾಕಿಸಲು 11,500 ಆಯಿತು. ಕೈ ಅಭ್ಯಾಸಬಲದಿಂದ ಪರ್ಸಿನಲ್ಲಿದ್ದ ಕಾರ್ಡಿನ ಕಡೆಗೇ ಹೋಯಿತು. ಆಮೇಲೆ ಉಳಿತಾಯ ಖಾತೆಯಿಂದ 4,000 ಮತ್ತು ಆ ತಿಂಗಳು ಸಾಲಕ್ಕೆಂದು ಎತ್ತಿಟ್ಟಿದ್ದರಿಂದ 7,500 ತೆಗೆದು ಕೊಟ್ಟೆ. ಆರ್‌ಡಿಯನ್ನು ಮುಟ್ಟಬೇಕಾಗಲಿಲ್ಲ. ಆದರೆ ಅದು ಹಿಂದೆ ಇದೆ ಎಂಬ ಕಾರಣಕ್ಕೇ ಖಾತೆಯನ್ನು ಬರಿದು ಮಾಡುವ ಧೈರ್ಯ ಬಂತು.

ಈಗ ಚಿನ್ನದ ಸಾಲದ ಬಾಕಿ ಸುಮಾರು 58,000. ಜೂನ್ ಹೊತ್ತಿಗೆ ಮುಗಿಯಬೇಕು. ಆಮೇಲೆ ಇದೇ ಹಣವನ್ನು ವೈಯಕ್ತಿಕ ಸಾಲಕ್ಕೆ ತಿರುಗಿಸುತ್ತೇನೆ, ಅದರ ಶುಲ್ಕ ಎಷ್ಟೆಂದು ಕೇಳಿ ಪತ್ರ ಬರೆದಿದ್ದೇನೆ. ಮುಯ್ಯಿಯ ವಿಷಯದಲ್ಲಿ ಅಷ್ಟು ಗಟ್ಟಿಯಾಗಲು ಆಗಿಲ್ಲ; ಅಮ್ಮನಿಗೆ ಸಹಾಯ ಮಾಡಿದ್ದ ನಾಲ್ಕು ಮನೆಗಳನ್ನು ಬಿಟ್ಟು ಉಳಿದವರಿಗೆ ಹೋಗಿ ಊಟ ಮಾಡಿ, 101 ರೂಪಾಯಿ ಕೊಟ್ಟು ಬರುತ್ತಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಖಾಲಿಯಾದ ಕಾರ್ಡನ್ನು ರದ್ದುಪಡಿಸಬೇಕೇ?

ಕೂಡಿಕಳೆ

ವಾರ್ಷಿಕ ಶುಲ್ಕ ಇಲ್ಲದಿದ್ದರೆ ಇರಲಿ, ಮಿತಿಯನ್ನು 30,000ಕ್ಕೆ ಇಳಿಸಲು ಬರೆದುಕೊಡಿ. ಹಳೆಯ ಕಾರ್ಡು ಬಾಕಿಯಿಲ್ಲದೆ ಇದ್ದರೆ ಸಿಬಿಲ್ ಅಂಕಕ್ಕೆ ಒಳ್ಳೆಯದೇ. ಕೈ ಮತ್ತೆ ಅದರ ಕಡೆ ಹೋಗುತ್ತದೆ ಎನಿಸಿದರೆ ಅಂಕದ ಚಿಂತೆ ಬಿಟ್ಟು ರದ್ದುಪಡಿಸಿ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ.

ಹಳೆಯ ಲೆಡ್ಜರ್

ಬಹಳ ಸಂತೋಷವಾಯಿತಮ್ಮಾ. ಜೂನ್‌ನಲ್ಲಿ ಬಳೆ ಬಿಡಿಸಲು ಹೋಗುವಾಗ, ಅಡ ಇಟ್ಟ ದಿನ ಕೊಟ್ಟ ತೂಕದ ಚೀಟಿಯನ್ನು ಮರೆಯದೆ ತೆಗೆದುಕೊಂಡು ಹೋಗಿ, ನಿಮ್ಮೆದುರಿಗೇ ಮತ್ತೊಮ್ಮೆ ತೂಗಿಸಿ, ಆಮೇಲೆ ಸಹಿ ಮಾಡಿ.

ಬೋಗಾದಿಮನೆ

ಚೀಟಿ ಮುಯ್ಯಿ ಪುಸ್ತಕದೊಳಗೆ ಇದೆ, ಸರ್.